ಉರಿದರೆ ಔಷಧಿ ಕೆಲಸ ಮಾಡುತ್ತಿದೆಯೇ?

ಮೊಡವೆ ಕಲೆಗೆಂದು ಮಂಡ್ಯದ ನನ್ನ ಕ್ಲಿನಿಕ್ಕಿಗೆ ಬರುವವರಿಗೆ ಒಂದು ಷರತ್ತು ಹಾಕಿದ್ದೇನೆ: ಇದುವರೆಗೆ ಮುಖಕ್ಕೆ ಹಚ್ಚಿದ್ದನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ತರಬೇಕು. ಕಳೆದ ಆಷಾಢದಲ್ಲಿ ಪಾಂಡವಪುರದ ಕಡೆಯಿಂದ ತಾಯಿಯೊಂದಿಗೆ ಬಂದ ಪದವಿ ವಿದ್ಯಾರ್ಥಿನಿಯೊಬ್ಬಳು ಅಂಥ ಕವರನ್ನು ಮೇಜಿನ ಮೇಲೆ ಸುರಿದಳು. ಎರಡು ಸೀರಮ್, ಒರಟು ಹರಳುಗಳ ಸ್ಕ್ರಬ್, ಕಸ್ತೂರಿ ಅರಿಶಿನದ ಡಬ್ಬಿ, ಹಿಂಡಿ ಹಿಂಡಿ ಚಪ್ಪಟೆಯಾದ ಒಂದು ಪುಟ್ಟ ಟ್ಯೂಬ್. ಒಟ್ಟು ಎರಡು ಸಾವಿರ ರೂಪಾಯಿ ದಾಟಿತ್ತು. ನಿಂಬೆಹಣ್ಣನ್ನು ಮಾತ್ರ ತಂದಿರಲಿಲ್ಲ. ‘ಅದನ್ನೂ ತರಬೇಕಿತ್ತೇ ಡಾಕ್ಟರೇ? ದಿನಾ ಹಚ್ಚುತ್ತಾಳೆ, ಚೆನ್ನಾಗಿ ಉರಿಯುತ್ತದೆ’ ಎಂದರು ತಾಯಿ.

ಆ ‘ಚೆನ್ನಾಗಿ’ ಎಂಬ ಮಾತಿನಲ್ಲೇ ತೊಂದರೆಯ ಬೇರಿದೆ. ಮೊಡವೆ ಎಂದರೆ ಚರ್ಮದೊಳಗಿನ ಉರಿಯೂತ. ಆ ಉರಿಯೂತಕ್ಕೆ ಕೆರಳಿದ ಬಣ್ಣದ ಜೀವಕೋಶಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುತ್ತವೆ. ಮೊಡವೆ ಒಣಗಿದ ಮೇಲೂ ಉಳಿಯುವ ಕಂದು ಗುರುತು ಅದೇ. ನಮ್ಮಂಥ ಗೋಧಿ, ಎಣ್ಣೆಗೆಂಪು, ಕಪ್ಪು ಬಣ್ಣದವರಲ್ಲಿ ಈ ಕೋಶಗಳು ಸಣ್ಣ ಕಾರಣಕ್ಕೂ ಕೆರಳುತ್ತವೆ. ಹಾಗಿರುವಾಗ ಕಲೆ ತೆಗೆಯಲೆಂದು ಉರಿಯುವ ವಸ್ತು ಹಚ್ಚಿದರೆ ಹೊಸ ಕಲೆಗೆ ನಾವೇ ಬೀಜ ಬಿತ್ತಿದಂತೆ. ಚರ್ಮದ ಪಿಎಚ್, ಅಂದರೆ ಆಮ್ಲತೆಯ ಅಳತೆ, ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ಈ ಅಳತೆಯಲ್ಲಿ ಒಂದೊಂದು ಅಂಕಿ ಇಳಿದಾಗಲೂ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಮೂರು ಅಂಕಿ ಇಳಿದರೆ ಸಾವಿರ ಪಟ್ಟು! ಸಾಲದ್ದಕ್ಕೆ, ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು ಕಪ್ಪು ಮಚ್ಚೆ ಉಳಿಸುತ್ತವೆ.

ಸಾಣೆಕಲ್ಲಿನ ಮೇಲೆ ತೇಯ್ದ ಗಂಧದ ಬಗ್ಗೆಯೂ ಕೇಳುತ್ತಾರೆ. ಮೈಸೂರು ಸೀಮೆಯಲ್ಲಿ ಕುಳಿತು ಗಂಧ ಬೇಡ ಎನ್ನುವ ಧೈರ್ಯ ನನಗಿಲ್ಲ. ತಂಪೆನಿಸಿದರೆ ಹಚ್ಚಿ, ಕಲೆ ಹೋಗುತ್ತದೆಂದು ಮಾತ್ರ ಕಾಯಬೇಡಿ.

ಹಣ ಖರ್ಚು ಮಾಡುವ ಮೊದಲು ಕಿಟಕಿಯ ಪಕ್ಕ ನಿಂತು, ಕೆನ್ನೆಯ ಮೇಲೆ ಓರೆಯಾಗಿ ಬೆಳಕು ಬೀಳುವಂತೆ ಕನ್ನಡಿ ಹಿಡಿಯಿರಿ. ತಗ್ಗುಗಳಲ್ಲಿ ನೆರಳು ಕಂಡರೆ ಅವು ಗುಳಿಗಳು. ಯಾವ ಕ್ರೀಮೂ ಅವನ್ನು ತುಂಬಲಾರದು. ಸಮತಟ್ಟಾಗಿದ್ದು ಕಂದಾಗಿದ್ದರೆ ಅದು ಬರೀ ಬಣ್ಣ. ಕೆಂಪಾಗಿದ್ದು, ಗಾಜಿನ ಲೋಟ ಒತ್ತಿದಾಗ ಮಾಯವಾದರೆ ಅದು ಹಿಗ್ಗಿದ ರಕ್ತನಾಳಗಳ ಗುರುತು. ಮನೆಯ ಆರೈಕೆಗೆ ಚೆನ್ನಾಗಿ ಬಗ್ಗುವುದು ಕಂದು ಕಲೆ. ಅದು ಮೇಲ್ಪದರದಲ್ಲಿದ್ದರೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಬೂದು-ನೀಲಿ ಛಾಯೆಯಿದ್ದರೆ ಆಳಕ್ಕಿಳಿದಿದೆ, ವರ್ಷಗಳೇ ಬೇಕಾಗಬಹುದು.

ಕಂದು ಕಲೆಗೆ ಮೊದಲ ಔಷಧಿ ಸನ್‌ಸ್ಕ್ರೀನ್. ಎಸ್‌ಪಿಎಫ್ ಎಂಬ ರಕ್ಷಣೆಯ ಅಳತೆ 30 ಇರುವುದು ಬಿಸಿಲಿನಲ್ಲಿ ಚರ್ಮ ಸುಡುವ ಯುವಿ-ಬಿ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, 50 ಇರುವುದು ಶೇ 98ರಷ್ಟನ್ನು. ಆ ಒಂದರ ವ್ಯತ್ಯಾಸಕ್ಕೆ ದುಪ್ಪಟ್ಟು ಬೆಲೆ ಕೊಡುವ ಬದಲು ಅಗ್ಗದ್ದನ್ನೇ ಧಾರಾಳವಾಗಿ ಹಚ್ಚಿ: ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಮುಖ ಮತ್ತು ಕತ್ತಿಗೆ ಬೇಕು. ಗದ್ದೆ ಕೆಲಸಕ್ಕೆ ಹೋಗುವವರಿಗೆ ಎರಡು ಗಂಟೆಗೊಮ್ಮೆ ಹಚ್ಚಿ ಎನ್ನಲು ನನಗೇ ಸಂಕೋಚ. ಅವರಿಗೆ ಅಗಲ ಅಂಚಿನ ಟೋಪಿ ಹೇಳುತ್ತೇನೆ.

ರಾತ್ರಿಗೆ, ಮೊಡವೆ ಇನ್ನೂ ಏಳುತ್ತಿದ್ದರೆ, ವೈದ್ಯರ ಚೀಟಿಯ ಮೇಲೆ ಮುಚ್ಚಿದ ರಂಧ್ರಗಳನ್ನು ಬಿಡಿಸುವ ಶೇ 0.1ರ ಅಡಾಪಲೀನ್ ಜೆಲ್. ಇಡೀ ಮುಖಕ್ಕೆ ಒಂದು ಕಡಲೆಕಾಳಿನಷ್ಟು ಸಾಕು. ಮೊದಲು ದಿನ ಬಿಟ್ಟು ದಿನ, ಮೇಲೆ ಸಾದಾ ಮಾಯಿಶ್ಚರೈಸರ್. ಗರ್ಭಿಣಿಯರಿಗೆ, ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೆ ಇದು ಬೇಡ. ಅವರಿಗೆ ಅಜೆಲೇಯಿಕ್ ಆಸಿಡ್ ಕ್ರೀಮ್ ಹೊಂದುತ್ತದೆ. ಅದು ಮೊಡವೆಗೂ ಕಲೆಗೂ ಆಗುತ್ತದೆ. ಸೀರಮ್ಮುಗಳಲ್ಲಿ ಬರುವ, ಕಲೆ ತಿಳಿಮಾಡುವ ನಿಯಾಸಿನಮೈಡ್ ಶೇ 5ರಷ್ಟಿದ್ದರೆ ಸಾಕು. ಒಂದೊಂದನ್ನೇ ಶುರುಮಾಡಿ. ಎಲ್ಲವನ್ನೂ ಒಂದೇ ವಾರ ಹಚ್ಚಿದರೆ ಯಾವುದರಿಂದ ಮುಖ ಕೆಂಪಾಯಿತೆಂದು ನಿಮಗೂ ತಿಳಿಯದು, ನನಗೂ ತಿಳಿಯದು.

ಇನ್ನು ಆ ಚಪ್ಪಟೆ ಟ್ಯೂಬ್. ಅದರಲ್ಲಿದ್ದದ್ದು ಉರಿಯೂತ ಅಡಗಿಸುವ ಸ್ಟೀರಾಯ್ಡ್, ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್ ಮತ್ತು ಚರ್ಮದ ಮೇಲ್ಪದರವನ್ನು ಬೇಗ ಉದುರಿಸುವ ಟ್ರೆಟಿನಾಯಿನ್‌ಗಳ ಮಿಶ್ರಣ. ಯಾರೋ ಗೆಳತಿ ಹೇಳಿದಳೆಂದು ಕೊಂಡು ಐದು ತಿಂಗಳು ಹಚ್ಚಿದ್ದಳು. ಮೊದಲ ಕೆಲವು ವಾರ ಮುಖ ಬೆಳ್ಳಗಾಗಿ ಹೊಳೆಯುತ್ತದೆ, ಮೋಸ ಹೋಗುವುದು ಅಲ್ಲೇ. ಆಮೇಲೆ ಚರ್ಮ ತೆಳುವಾಗುತ್ತದೆ, ನಾಳಗಳು ಎದ್ದು ಕಾಣುತ್ತವೆ, ಕೆನ್ನೆಯಲ್ಲಿ ಕೂದಲು ಮೂಡುತ್ತದೆ, ಹಚ್ಚುವುದನ್ನು ನಿಲ್ಲಿಸಿದರೆ ಮೊಡವೆ ಮುಗಿಬೀಳುತ್ತದೆ. ಕೇಂದ್ರ ಸರ್ಕಾರ 2018ರಲ್ಲೇ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಇಂಥ ಟ್ಯೂಬುಗಳು ನನ್ನ ಮೇಜಿಗೆ ಬರುವುದು ನಿಂತಿಲ್ಲ. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ಬಿಡದೆ ಚರ್ಮವೈದ್ಯರಿಗೆ ತೋರಿಸಿ.

‘ದಸರಾ ಹೊತ್ತಿಗೆ ಹೋಗುತ್ತದೆಯೇ?’ ಎಂದು ಹುಡುಗಿ ಕೇಳಿದ್ದಳು. ಸಂಕ್ರಾಂತಿಯವರೆಗೆ ತಾಳಮ್ಮ ಎಂದಿದ್ದೆ. ಟ್ಯೂಬನ್ನು ಹಂತಹಂತವಾಗಿ ಬಿಡಿಸಿದೆ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬಳಿ ಫೋಟೊ ತೆಗೆದುಕೊಳ್ಳಲು ಹೇಳಿದೆ, ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲವಲ್ಲ. ಜನವರಿಯಲ್ಲಿ ಎಳ್ಳು-ಬೆಲ್ಲ ಹಿಡಿದು ಬಂದಳು. ಕಂದು ಕಲೆಗಳು ಹುಡುಕಿದರೆ ಸಿಗುವಷ್ಟು ಮಸುಕಾಗಿದ್ದವು. ಬಲಗೆನ್ನೆಯ ಎರಡು ಗುಳಿ ಹಾಗೇ ಇದ್ದವು. ಸಣ್ಣ ಸೂಜಿಗಳಿಂದ ಚುಚ್ಚಿ ಗುಳಿ ತುಂಬಿಕೊಳ್ಳುವಂತೆ ಮಾಡುವ ಮೈಕ್ರೋನೀಡ್ಲಿಂಗ್ ಮಾಡಿಸಬಹುದು, ಖರ್ಚಿದೆ ಎಂದೆ. ಪರೀಕ್ಷೆ ಮುಗಿದ ಮೇಲೆ ಹೇಳುತ್ತೇನೆ ಎಂದು ಹೋಗಿದ್ದಾಳೆ.