ಮಧ್ಯಯುಗದ ಇಂಗ್ಲೆಂಡಿನಲ್ಲಿ ಮೇನರ್ ಯಾರ ಸೊತ್ತಾಗಿತ್ತು?

1450ರ ಜನವರಿ 28ರಂದು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಗ್ರೆಶಮ್ ಎಂಬ ಮೇನರಿನಲ್ಲಿ, ಅಂದರೆ ಒಡೆಯನೊಬ್ಬನ ಜಮೀನುದಾರಿಯಲ್ಲಿ, ಆಯುಧಧಾರಿಗಳ ಗುಂಪೊಂದು ಮಾರ್ಗರೆಟ್ ಪಾಸ್ಟನ್ ಎಂಬಾಕೆ ಇದ್ದ ಕೋಣೆಯ ಗೋಡೆಯನ್ನು ಬುಡ ಅಗೆದು ಕೆಡವಿ, ಆಕೆಯನ್ನು ಹೊತ್ತು ಹೆಬ್ಬಾಗಿಲಿನ ಆಚೆ ಬಿಟ್ಟಿತು. ಆ ಮೇನರನ್ನು ಆಕೆಯ ಮಾವ, ನ್ಯಾಯಾಧೀಶ ವಿಲಿಯಂ ಪಾಸ್ಟನ್, ಕವಿ ಚಾಸರನ ಮಗ ಥಾಮಸ್ ಚಾಸರನಿಂದ ಹಣ ಕೊಟ್ಟು ಕೊಂಡಿದ್ದರು. ಗುಂಪನ್ನು ಕಳಿಸಿದ ಲಾರ್ಡ್ ಮೊಲೀನ್ಸ್ ಅದು ತನ್ನ ಹೆಂಡತಿಯ ಮನೆತನಕ್ಕೆ ಸೇರಬೇಕಾದದ್ದೆಂದು ವಾದಿಸುತ್ತಿದ್ದ. ದಾಳಿಗೆ ಬಂದವರು 1,000 ಮಂದಿ ಎಂದು ಮಾರ್ಗರೆಟ್‌ಳ ಗಂಡ ಜಾನ್ ತನ್ನ ಅರ್ಜಿಯಲ್ಲಿ ಬರೆದ. ಅರ್ಜಿದಾರರ ಲೆಕ್ಕ ಯಾವ ಕಾಲದಲ್ಲೂ ಸ್ವಲ್ಪ ಧಾರಾಳವಾಗಿಯೇ ಇರುತ್ತದೆ. ಕ್ರಯ ಕೊಟ್ಟು ಕೊಂಡವನ ಹಕ್ಕು ದೊಡ್ಡದೋ, ವಂಶದ ಹಕ್ಕು ದೊಡ್ಡದೋ ಎಂಬ ಪ್ರಶ್ನೆ ಗೋಡೆ ಕೆಡಹುವ ಮಟ್ಟಕ್ಕೆ ಹೋದದ್ದೇಕೆಂದು ತಿಳಿಯಲು ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ನೆಲವೆಲ್ಲ ಅಂತಿಮವಾಗಿ ಅರಸನದೇ ಎಂಬ ತತ್ತ್ವ ನೆಲೆಗೊಂಡಿತು. ಅರಸನಿಂದ ನೇರವಾಗಿ ಭೂಮಿ ಪಡೆದ ಬ್ಯಾರನ್‌ಗಳು, ಅವರಿಂದ ಪಡೆದ ನೈಟ್‌ಗಳು, ಅವರ ಕೆಳಗಿನ ಒಕ್ಕಲುಗಳು, ಹೀಗೆ ಎಲ್ಲರೂ ಹಿಡುವಳಿದಾರರೇ ಹೊರತು ಇಂದಿನ ಅರ್ಥದ ಮಾಲೀಕರಲ್ಲ. 1086ರ ಡೂಮ್ಸ್‌ಡೇ ದಾಖಲೆ 13,000ಕ್ಕೂ ಹೆಚ್ಚು ಊರುಗಳಲ್ಲಿ ಯಾರು ಯಾರಿಂದ ಏನನ್ನು ಹಿಡಿದಿದ್ದಾರೆಂದು ಬರೆದಿಟ್ಟದ್ದು ಈ ಏಣಿಯ ಲೆಕ್ಕವನ್ನೇ. ಮೇನರ್ ಎಂದರೆ ಬರಿಯ ಜಮೀನೂ ಅಲ್ಲ, ಬರಿಯ ಬಂಗಲೆಯೂ ಅಲ್ಲ. ಒಡೆಯನ ಸ್ವಂತ ಬೇಸಾಯದ ಹೊಲ, ಒಕ್ಕಲುಗಳ ಪಾಲಿನ ಹೊಲ, ಅವರು ಮಾಡಬೇಕಾದ ಬಿಟ್ಟಿ ಕೆಲಸ, ಸಲ್ಲಿಸಬೇಕಾದ ಕಾಣಿಕೆ, ಅವರ ತಕರಾರುಗಳನ್ನು ತೀರ್ಮಾನಿಸುವ ಒಡೆಯನದೇ ನ್ಯಾಯಸಭೆ ಇವೆಲ್ಲ ಸೇರಿದ ಒಂದು ಹಕ್ಕಿನ ಗಂಟು ಅದು.

ಹಿಡುವಳಿ ಮೊದಲಿಗೆ ಕೊಟ್ಟದ್ದು ವ್ಯಕ್ತಿಗೆ, ಅವನ ಸೇವೆಗಾಗಿ. ಹಾಗಾಗಿ ಅವನು ಸತ್ತಾಗ ಭೂಮಿ ಮಗನಿಗೆ ತಾನಾಗಿ ಇಳಿಯುತ್ತಿರಲಿಲ್ಲ. ಮಗ ಒಡೆಯನಿಗೆ ನಿಷ್ಠೆ ಸಲ್ಲಿಸಿ, 'ರಿಲೀಫ್' ಎಂಬ ನಜರಾನೆ ಕೊಟ್ಟು ಅದನ್ನು ಮತ್ತೆ ಪಡೆಯಬೇಕಿತ್ತು. ಅರಸರು ಈ ಮೊತ್ತವನ್ನು ಮನಬಂದಂತೆ ಏರಿಸುತ್ತಿದ್ದುದರಿಂದಲೇ 1215ರ ಮ್ಯಾಗ್ನಾ ಕಾರ್ಟಾದ ಎರಡನೆಯ ಕಲಮು ಅದಕ್ಕೆ ಮೀಸಲಾಯಿತು: ಬ್ಯಾರನ್‌ನ ಇಡೀ ಹಿಡುವಳಿಗೆ 100 ಪೌಂಡ್, ನೈಟ್‌ನ ಪೂರ್ಣ ಹಿಡುವಳಿಗೆ ಹೆಚ್ಚೆಂದರೆ 100 ಷಿಲ್ಲಿಂಗ್. ಸ್ವಾತಂತ್ರ್ಯದ ಶಾಸನವೆಂದು ನಾವು ಶಾಲೆಯಲ್ಲಿ ಓದಿದ ಆ ಪತ್ರದ ಮೊದಲ ಕಲಮುಗಳಲ್ಲಿ ಬಹುಪಾಲು ವಾರಸುದಾರರು, ಅಪ್ರಾಪ್ತರು, ವಿಧವೆಯರ ಆಸ್ತಿಯ ಮಾತೇ. ಇದಕ್ಕೂ ಮೊದಲು, 1176ರಲ್ಲಿ ಎರಡನೆಯ ಹೆನ್ರಿ, ತಂದೆ ಸಾಯುವಾಗ ಅನುಭವಿಸುತ್ತಿದ್ದ ಭೂಮಿಯನ್ನು ವಾರಸುದಾರನಿಗೆ ಕೊಡದೆ ತಡೆಹಿಡಿದರೆ ಅರಸನ ನ್ಯಾಯಾಲಯಕ್ಕೆ ಹೋಗಬಹುದೆಂಬ ವ್ಯವಸ್ಥೆ ಮಾಡಿದ್ದ. ವಂಶಪಾರಂಪರ್ಯ ನಿಜವಾಗಿ ಹಕ್ಕಾದದ್ದು ಆಗಲೇ ಎಂಬುದು ನನ್ನ ಎಣಿಕೆ.

ಸೇನಾ ಸೇವೆಯ ಭೂಮಿ ಹಿರಿಯ ಮಗನಿಗೆ ಇಡಿಯಾಗಿ ಹೋಗುತ್ತಿತ್ತು, ಏಕೆಂದರೆ ಹಿಡುವಳಿಯನ್ನು ಚೂರು ಮಾಡಿದರೆ ಕುದುರೆ ಕವಚ ಹೊಂದಿಸಿಕೊಂಡು ಬರುವ ನೈಟ್ ಒಡೆಯನಿಗೆ ಸಿಗುತ್ತಿರಲಿಲ್ಲ. ಗಂಡು ಮಕ್ಕಳಿಲ್ಲದಿದ್ದರೆ ಹೆಣ್ಣು ಮಕ್ಕಳಿಗೆ ಸಮಪಾಲು; ಅಲ್ಲಿ ಹಿರಿತನಕ್ಕೆ ಬೆಲೆಯಿಲ್ಲ. ಎಷ್ಟೋ ಮನೆತನಗಳ ಮೇನರುಗಳು ಅಳಿಯಂದಿರ ಮೂಲಕ ಹೊಸ ಹೆಸರಿನ ವಂಶಗಳಿಗೆ ಸೇರಿಹೋದದ್ದು ಹೀಗೆಯೇ. ಕೆಂಟ್ ಪ್ರಾಂತ್ಯದಲ್ಲಿ ಮಾತ್ರ 'ಗ್ಯಾವೆಲ್‌ಕೈಂಡ್' ಎಂಬ ರೂಢಿಯಂತೆ ಗಂಡು ಮಕ್ಕಳೆಲ್ಲ ಸಮನಾಗಿ ಹಂಚಿಕೊಳ್ಳುತ್ತಿದ್ದರು. ವಿಧವೆಗೆ ಗಂಡನ ಭೂಮಿಯ ಮೂರನೆಯ ಒಂದು ಭಾಗ ಜೀವಮಾನವಿಡೀ ಸಲ್ಲುತ್ತಿತ್ತು. ಹೆಂಡತಿ ತೀರಿಕೊಂಡ ಗಂಡನಿಗೆ ಅವಳ ಭೂಮಿಯೆಲ್ಲ ಜೀವಮಾನಕ್ಕೆ ಸಿಗುತ್ತಿತ್ತು, ಆದರೆ ಅವರಿಗೆ ಮಗು ಜೀವಂತ ಹುಟ್ಟಿರಬೇಕಿತ್ತು. ಆ ಮಗುವಿನ ಅಳು ನಾಲ್ಕು ಗೋಡೆಗಳ ನಡುವೆ ಕೇಳಿಸಿರಬೇಕೆಂದು ಕಾನೂನು ಬಲ್ಲವರು ಹೇಳುತ್ತಿದ್ದರು.

ವಾರಸುದಾರ ಅಪ್ರಾಪ್ತನಾಗಿದ್ದರೆ ಒಡೆಯನಿಗೆ ಸುಗ್ಗಿ. ಹುಡುಗನಿಗೆ 21 ತುಂಬುವವರೆಗೆ ಭೂಮಿಯ ಉತ್ಪತ್ತಿ ಒಡೆಯನದು. ಅವನ ಮದುವೆಯನ್ನು ಗೊತ್ತುಮಾಡುವ ಹಕ್ಕೂ ಒಡೆಯನದೇ, ಆ ಹಕ್ಕನ್ನು ಮಾರಲೂ ಬಹುದಿತ್ತು. ಹೀಗಾಗಿ ವಯಸ್ಸನ್ನು ಸಾಬೀತು ಮಾಡುವುದೇ ಒಂದು ದೊಡ್ಡ ವಿಚಾರಣೆಯಾಯಿತು. ಜನನ ದಾಖಲೆಗಳಿಲ್ಲದ ಕಾಲದಲ್ಲಿ ಊರಿನ ಹಿರಿಯರು ಪ್ರಮಾಣ ಮಾಡಿ, ಆ ವರ್ಷ ನನ್ನ ಮಗನನ್ನು ಮಣ್ಣು ಮಾಡಿದೆ, ಆ ದಿನ ನಾನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡೆ, ಅದರಿಂದ ನೆನಪಿದೆ ಎಂದು ಸಾಕ್ಷಿ ಹೇಳುತ್ತಿದ್ದರು. ಕಾಲು ಮುರಿದುಕೊಂಡವರ ಸಂಖ್ಯೆ ಈ ಕಡತಗಳಲ್ಲಿ ಅನುಮಾನ ಬರುವಷ್ಟು ಹೆಚ್ಚಾಗಿದೆ, ಗುಮಾಸ್ತರು ಹಳೆಯ ಸಾಕ್ಷ್ಯವನ್ನೇ ನಕಲು ಮಾಡುತ್ತಿದ್ದರೆಂದು ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ.

13ನೆಯ ಶತಮಾನದ ಕೊನೆಗೆ ಒಂದನೆಯ ಎಡ್ವರ್ಡ್ ಸಾಲಾಗಿ ಶಾಸನಗಳನ್ನು ತಂದ. ಚರ್ಚಿಗೆ ಸಾವೂ ಇಲ್ಲ, ಅಪ್ರಾಪ್ತ ವಾರಸುದಾರನೂ ಇಲ್ಲ. ಚರ್ಚಿಗೆ ಹೋದ ಭೂಮಿಯಿಂದ ಒಡೆಯನಿಗೆ ನಜರಾನೆ ನಿಂತುಹೋಗುತ್ತಿತ್ತಾದ್ದರಿಂದ 1279ರ ಶಾಸನ ಅಂಥ ದಾನಕ್ಕೆ ತಡೆಯೊಡ್ಡಿತು. 1285ರ ಶಾಸನ, ಒಬ್ಬನಿಗೂ ಅವನ ಹೊಟ್ಟೆಯಲ್ಲಿ ಹುಟ್ಟಿದವರಿಗೂ ಎಂದು ಕೊಟ್ಟ ಭೂಮಿಯನ್ನು ನಡುವೆ ಯಾರೂ ಮಾರದಂತೆ ಬಿಗಿ ಮಾಡಿತು. 1290ರದು ಸ್ವತಂತ್ರ ಹಿಡುವಳಿದಾರರಿಗೆ ಮಾರಾಟದ ಸ್ವಾತಂತ್ರ್ಯ ಕೊಟ್ಟು, ಕೊಂಡವನು ಮಾರಿದವನ ಒಡೆಯನಿಗೇ ನೇರ ಹೊಣೆಯಾಗಬೇಕೆಂದಿತು. ಹೀಗೆ ಮನೆತನದ ಭೂಮಿಗೆ ಒಂದು ಕೈಯಲ್ಲಿ ಬೀಗ, ಇನ್ನೊಂದು ಕೈಯಲ್ಲಿ ಮಾರುಕಟ್ಟೆ. ಬೀಗ ತೆಗೆಯುವ ಕೆಲಸ ವಕೀಲರ ಪಾಲಿಗೆ ಬಂತು. 1472ರ ಹೊತ್ತಿಗೆ ಒಪ್ಪಂದದ ಒಂದು ಸುಳ್ಳು ದಾವೆ ಹೂಡಿ, ಅದರಲ್ಲಿ ಬೇಕೆಂದೇ ಸೋತು, ಮಕ್ಕಳ ಹಕ್ಕನ್ನು ಕತ್ತರಿಸುವ ಉಪಾಯಕ್ಕೆ ನ್ಯಾಯಾಲಯ ದಾರಿ ಬಿಟ್ಟಿತ್ತು. ಮಕ್ಕಳಿಗೆ ಆಗುವ ನಷ್ಟವನ್ನು ಮೂರನೆಯವನೊಬ್ಬ ತುಂಬಿಕೊಡಬೇಕೆಂದು ತೀರ್ಪಾಗುತ್ತಿತ್ತು, ಮುಂದಿನ ಕಾಲದಲ್ಲಿ ಆ ಮೂರನೆಯವನು ಕೋರ್ಟಿನಲ್ಲಿ ಹೆಸರು ಕೂಗುವ ಬಡ ನೌಕರನೇ ಆಗಿರುತ್ತಿದ್ದ.

ಇನ್ನೊಂದು ತೊಡಕೂ ಇತ್ತು: ಅರಸನ ನ್ಯಾಯಾಲಯಗಳು ನಡೆಸುತ್ತಿದ್ದ 'ಸಾಮಾನ್ಯ ಕಾನೂನಿನಂತೆ' (ಕಾಮನ್ ಲಾ) ಭೂಮಿಯನ್ನು ಉಯಿಲಿನಲ್ಲಿ ಬರೆದುಕೊಡುವಂತಿರಲಿಲ್ಲ. ಕಿರಿಯ ಮಕ್ಕಳಿಗೂ ಏನಾದರೂ ಕೊಡಬೇಕೆನ್ನುವವರು ಬದುಕಿರುವಾಗಲೇ ಭೂಮಿಯನ್ನು ನಂಬಿಕಸ್ಥರ ಗುಂಪಿನ ಹೆಸರಿಗೆ ಮಾಡಿ, ತಾವು ಹೇಳಿದವರಿಗೆ ಅದರ ಅನುಭೋಗ ಸಲ್ಲಬೇಕೆಂದು ನಿರ್ದೇಶಿಸುತ್ತಿದ್ದರು. ಗುಂಪಿಗೆ ಸಾವಿಲ್ಲದ್ದರಿಂದ ನಜರಾನೆ ಕೊಡುವುದೂ ತಪ್ಪುತ್ತಿತ್ತು. ಆದರೆ ನಂಬಿಕಸ್ಥರೇ ಜಗಳವಾಡಿದರೆ? ಪಾಸ್ಟನ್ ಮನೆತನಕ್ಕೆ ಬಂದದ್ದು ಅದೇ ಕಷ್ಟ. ಮಕ್ಕಳಿಲ್ಲದ ಸರ್ ಜಾನ್ ಫಾಸ್ಟಾಲ್ಫ್ 1459ರಲ್ಲಿ ತೀರಿಕೊಂಡಾಗ, ಕೇಸ್ಟರ್ ಕೋಟೆ ಸಹಿತ ಆಸ್ತಿಯ ಬಹುಭಾಗ ಕೊನೆಗಳಿಗೆಯ ಉಯಿಲಿನಂತೆ ತನಗೆ ಬಂತೆಂದು ಜಾನ್ ಪಾಸ್ಟನ್ ಹೇಳಿದ. ಆ ಆಸ್ತಿಯ ನಂಬಿಕಸ್ಥರಲ್ಲಿ ಕೆಲವರು ಅದನ್ನು ಒಪ್ಪದೆ 1468ರಲ್ಲಿ ಕೋಟೆಯನ್ನು ನಾರ್ಫೋಕ್‌ನ ಡ್ಯೂಕ್‌ಗೆ ಮಾರಿದರು, ಡ್ಯೂಕ್ ಮರುವರ್ಷ ಮುತ್ತಿಗೆ ಹಾಕಿ ವಶಪಡಿಸಿಕೊಂಡ. 1476ರಲ್ಲಿ ಅವನು ಸತ್ತ ಮೇಲೆಯೇ ಅದು ಪಾಸ್ಟನ್‌ರಿಗೆ ಮರಳಿದ್ದು. ಇದರ ನಡುವೆ ವಿರೋಧಿಗಳು ಇನ್ನೂ ಆಳವಾದ ಬಾಣ ಬಿಟ್ಟಿದ್ದರು: ಪಾಸ್ಟನ್‌ರು ಮೂಲತಃ ಜೀತದ ಒಕ್ಕಲಿನ ವಂಶದವರು ಎಂದು. ಜೀತದವನ ಸೊತ್ತೆಲ್ಲ ಕಾನೂನಿನಲ್ಲಿ ಅವನ ಒಡೆಯನದು. ಈ ಆರೋಪ ನಿಂತಿದ್ದರೆ ಎಲ್ಲ ಮೇನರುಗಳೂ ಕೈಬಿಡುತ್ತಿದ್ದವು. 1466ರಲ್ಲಿ ನಾಲ್ಕನೆಯ ಎಡ್ವರ್ಡ್ ಅವರನ್ನು ಕುಲೀನರೆಂದು ಘೋಷಿಸಿದ, ಆದರೆ ಜಾನ್ ಅದೇ ವರ್ಷ ತೀರಿಕೊಂಡಿದ್ದ. ಮನೆಯೊಳಗೂ ಸುಲಭವಿರಲಿಲ್ಲ: ನ್ಯಾಯಾಧೀಶ ವಿಲಿಯಂರ ವಿಧವೆ ಆಗ್ನೆಸ್ 1444ರಿಂದ 1479ರವರೆಗೆ, 35 ವರ್ಷ, ತನ್ನ ಪಾಲನ್ನು ಹಿಡಿದುಕೊಂಡಿದ್ದಳು.

ಕೆಳಗಿನ ಒಕ್ಕಲುಗಳಿಗೆ ಅರಸನ ನ್ಯಾಯಾಲಯದ ಬಾಗಿಲು ಬಹುಕಾಲ ಮುಚ್ಚಿತ್ತು. ಅವರ ಹಕ್ಕೆಲ್ಲ ಮೇನರಿನ ರೂಢಿಯನ್ನು ನೆಚ್ಚಿತ್ತು. ರೈತ ಸತ್ತರೆ ಹಟ್ಟಿಯ ಅತ್ಯುತ್ತಮ ಪ್ರಾಣಿ ಒಡೆಯನಿಗೆ, ಮೇಲೆ ವಾರಸುದಾರನಿಂದ ಪ್ರವೇಶ ಶುಲ್ಕ. ಕೆಲವು ಕಡೆ ಭೂಮಿ ಕಿರಿಯ ಮಗನಿಗೇ ಇಳಿಯುತ್ತಿತ್ತು. ಹಸ್ತಾಂತರವಾಗುವಾಗ ರೈತ ಕೋಲೊಂದನ್ನು ಒಡೆಯನ ಪಾರುಪತ್ಯಗಾರನ ಕೈಗಿಡುತ್ತಿದ್ದ, ಹೊಸಬ ಅದನ್ನು ಅವನಿಂದ ಪಡೆಯುತ್ತಿದ್ದ; ನಡೆದದ್ದನ್ನು ನ್ಯಾಯಸಭೆಯ ಸುರುಳಿಯಲ್ಲಿ ಬರೆದು ಅದರ ಒಂದು ಪ್ರತಿಯನ್ನು ರೈತನಿಗೆ ಕೊಡುತ್ತಿದ್ದರು. ಆ ಪ್ರತಿಯಿಂದಲೇ ಈ ಹಿಡುವಳಿಗೆ 'ಕಾಪಿಹೋಲ್ಡ್' ಎಂದು ಹೆಸರಾಯಿತು.

ಮುಂದಿನದು ಬೇಗ ಹೇಳಬಹುದಾದ ಕಥೆ. ಭೂಮಿಯನ್ನು ಉಯಿಲಿನಲ್ಲಿ ಕೊಡಲು 1540ರಲ್ಲಿ ಶಾಸನಬದ್ಧ ಅನುಮತಿ ಸಿಕ್ಕಿತು, ಸೇನಾ ಸೇವೆಯ ಭೂಮಿಗೆ ಮೂರರಲ್ಲಿ ಎರಡು ಪಾಲಿನ ಮಿತಿಯೊಡನೆ. ಅಪ್ರಾಪ್ತರ ಭೂಮಿಯ ಮೇಲಿನ ಒಡೆತನ ಸೇನಾ ಹಿಡುವಳಿಯ ಜೊತೆಗೆ 1660ರಲ್ಲಿ ಹೋಯಿತು. ಕಾಪಿಹೋಲ್ಡ್, ಗ್ಯಾವೆಲ್‌ಕೈಂಡ್, ಹಿರಿಯ ಮಗನ ಹಕ್ಕು ಇವೆಲ್ಲಕ್ಕೂ 1926ರ ಜನವರಿ 1ರಂದು ಬಹುಮಟ್ಟಿಗೆ ಮಂಗಳ ಹಾಡಲಾಯಿತು. ಹಾಗಿದ್ದರೂ ಕಾಪಿಹೋಲ್ಡನ್ನು ರದ್ದುಪಡಿಸಿದ 1922ರ ಶಾಸನ ಭೂಗರ್ಭದ ಖನಿಜದ ಮೇಲಿನ ಒಡೆಯರ ಹಕ್ಕನ್ನು ಉಳಿಸಿತ್ತು. ಇಂಥ ಹಕ್ಕುಗಳು ಕೈತಪ್ಪದಿರಬೇಕಾದರೆ 2013ರ ಅಕ್ಟೋಬರ್ 13ರೊಳಗೆ ಭೂ ನೋಂದಣಿ ದಫ್ತರದಲ್ಲಿ ದಾಖಲಿಸಿಕೊಳ್ಳುವುದು ಒಳ್ಳೆಯದೆಂದು ಹೊಸ ಕಾನೂನು ಗಡುವು ಕೊಟ್ಟಾಗ, ವೇಲ್ಸ್‌ನ ಆಂಗಲ್‌ಸೀ ದ್ವೀಪವೂ ಸೇರಿ ಹಲವೆಡೆ ಸಾವಿರಾರು ಮನೆಯವರಿಗೆ, ತಮ್ಮ ಮನೆಯ ಅಡಿಯ ಖನಿಜ ಮೇನರಿನ ಒಡೆಯರದ್ದೆಂಬ ಹಕ್ಕುಸಾಧನೆ ದಾಖಲಾಗುತ್ತಿದೆಯೆಂದು ತಿಳಿಸುವ ಸರ್ಕಾರಿ ಪತ್ರಗಳು ಬಂದವು.