ಮನೆಗೆ ಓಪನ್ ಬ್ಯಾಕ್ ಹೆಡ್‌ಫೋನ್ ಕೊಳ್ಳುವಾಗ ಮೊದಲು ದನಿ ಕೇಳಿ

ನಾನು ಸೌಂಡ್ ಎಂಜಿನಿಯರ್. ರೆಕಾರ್ಡಿಂಗ್ ಮುಗಿಸಿ ಹೊರಡುವವರು ನನ್ನನ್ನು ತಪ್ಪದೆ ಕೇಳುವ ಮಾತೊಂದಿದೆ: "ಸರ್, ಮನೇಲಿ ಹಾಡು ಕೇಳೋಕೆ ಒಳ್ಳೇ ಹೆಡ್‌ಫೋನ್ ಯಾವುದು?" ಹೆಸರು ಹೇಳುವ ಮುಂಚೆ ನಾನು ಎರಡು ವಿಷಯ ವಿಚಾರಿಸುತ್ತೇನೆ. ನೀವು ಕೇಳೋ ಹೊತ್ತಿಗೆ ಮನೆಯಲ್ಲಿ ಸದ್ದು ಎಷ್ಟಿರುತ್ತದೆ? ಜಾಸ್ತಿ ಕೇಳುವುದು ಏನನ್ನು?

ಮೊದಲನೆಯದು ಯಾಕೆ ಅಂದರೆ, ಓಪನ್ ಬ್ಯಾಕ್ ಎಲ್ಲರ ಮನೆಗೂ ಹೊಂದುವುದಿಲ್ಲ. ಮಾಮೂಲಿ ಹೆಡ್‌ಫೋನಿನಲ್ಲಿ ಡ್ರೈವರಿನ, ಅಂದರೆ ಶಬ್ದ ಹುಟ್ಟಿಸುವ ಪುಟ್ಟ ಸ್ಪೀಕರಿನ, ಹಿಂಬದಿ ಮುಚ್ಚಿರುತ್ತದೆ. ಹಿಂದಕ್ಕೆ ಹೊರಟ ಶಬ್ದ ಅಲ್ಲೇ ಬಡಿದು ಸ್ವಲ್ಪ ಕಿವಿಗೆ ವಾಪಸ್ ಬರುತ್ತದೆ. ಓಪನ್ ಬ್ಯಾಕ್‌ನಲ್ಲಿ ಅಲ್ಲಿರುವುದು ಬರೀ ಜಾಲರಿ, ಶಬ್ದ ಹೊರಗೆ ಹೋಗಿಬಿಡುತ್ತದೆ. ಅದಕ್ಕೇ ಹಾಡು ತಲೆಯೊಳಗೆ ತುರುಕಿದಂತಿರದೆ ಬಿಡಿಸಿಕೊಂಡು ಕೇಳಿಸುತ್ತದೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಹೆಡ್‌ಫೋನ್ ತಂದಾಗ ಈ ಬಗೆ ಶುರುವಾಯಿತು. ಆದರೆ ಜಾಲರಿ ಎರಡೂ ಕಡೆಗೆ ತೆರೆದಿರುತ್ತದೆ. ಫ್ಯಾನು, ಮಿಕ್ಸಿ, ಬೀದಿಯ ಹಾರ್ನ್ ಎಲ್ಲ ಒಳಗೆ ಬರುತ್ತವೆ. ನಿಮ್ಮ ಹಾಡು ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಆ ಸದ್ದನ್ನು ಮೀರಿಸೋಕೆ ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ, ಅದು ಕಿವಿಗೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಮಟ್ಟವಾದರೆ ವಾರಕ್ಕೆ 40 ಗಂಟೆ ಮಿತಿ, ಜೋರು ಹೆಚ್ಚಿದಂತೆ ಗಂಟೆ ಬೇಗ ಕಡಿಮೆಯಾಗುತ್ತದೆ. ಮನೆ ಮೇನ್ ರೋಡ್ ಮೇಲಿದ್ದರೆ ಹಿಂಬದಿ ಮುಚ್ಚಿದ ಕ್ಲೋಸ್ಡ್ ಬ್ಯಾಕ್ ತಗೊಳ್ಳಿ ಅಂತ ಖಂಡಿತವಾಗಿ ಹೇಳುತ್ತೇನೆ.

ಎರಡನೆಯದು ನನಗೆ ಹೆಚ್ಚು ಮುಖ್ಯ. ನಮ್ಮಲ್ಲಿ ಬಹಳ ಜನ ಕೇಳುವುದು ಹಾಡುಗಾರಿಕೆ. ಕಚೇರಿಯಿರಲಿ, ಭಾವಗೀತೆಯಿರಲಿ, ಹಳೆಯ ಸಿನಿಮಾ ಹಾಡಿರಲಿ, ನಡುವೆ ಇರುವುದು ಒಬ್ಬರ ಕಂಠ. ಆದರೆ ಅಂಗಡಿಯಲ್ಲಿ ಬೇಸ್ (ಕೆಳಗಿನ ದಪ್ಪ ದನಿ) ಕೇಳಿಸಿ ಮಾರುತ್ತಾರೆ. ನೀವು ಮಾತ್ರ ಚಿಕ್ಕಂದಿನಿಂದ ಬಾಯಿಪಾಠವಾದ ಒಂದು ಹಾಡು ಹಾಕಿ. ಸ, ಶ ಬಂದ ಕಡೆಯೆಲ್ಲ ಕಿವಿಗೆ ಚುಚ್ಚುತ್ತಾ? ಚುಚ್ಚಿದರೆ ಅರ್ಧ ಗಂಟೆಯಲ್ಲಿ ತೆಗೆದಿಡುತ್ತೀರಿ. ಆಮೇಲೆ ತಂಬೂರಿ. ತಂತಿಗಳು ಹಾದುಹೋಗುವ ಕುದುರೆಯ (ಬ್ರಿಡ್ಜ್) ಮೇಲೆ ತಂತಿಯ ಅಡಿಗಿಡುವ ನೂಲಿನಿಂದ ಹುಟ್ಟುವ ಆ ಝೇಂಕಾರ ಗಾಯಕರ ದನಿಯ ಹಿಂದೆ ಬಿಡದೆ ನಡೆಯಬೇಕು. ಹೈ (ಮೇಲಿನ ಚೂಪು ದನಿ) ಕಡಿಮೆಯಾದರೆ ಅದು ಬರೀ ಗುಂಯ್ ಅನ್ನುತ್ತದೆ, ಜಾಸ್ತಿಯಾದರೆ ತಗಡಿನಂತಾಗುತ್ತದೆ. ಕೊನೆಗೆ ಮೃದಂಗ. ಎಡಗೈಯ ಗುಮ್ಕಿ ನಾದ ಜಾರುವಾಗ ಸ್ವರ ಏರಿಳಿದದ್ದು ಗೊತ್ತಾಗಬೇಕು. ಬರೀ ಧಂ ಅಂತ ಒಂದೇ ಗುದ್ದು ಬಂದರೆ ಆ ಬೇಸ್ ಊದಿಸಿದ್ದು. ಎರಡು ಹೆಡ್‌ಫೋನ್ ಹೋಲಿಸುವಾಗ ಎರಡರ ಜೋರೂ ಒಂದೇ ಇರಲಿ. ಇಲ್ಲದಿದ್ದರೆ ಸ್ವಲ್ಪ ಜೋರಿದ್ದದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಈ ಪರೀಕ್ಷೆಯಲ್ಲಿ ನನ್ನ ಮೊದಲ ಆಯ್ಕೆ ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಬಂದದ್ದು, ಇವತ್ತಿಗೂ ಕಂಠವನ್ನು ಇಷ್ಟು ಸಹಜವಾಗಿ ಕೇಳಿಸುವುದು ಅಪರೂಪ. ತೀರಾ ಕೆಳಗಿನ ಬೇಸ್ ಇದರಲ್ಲಿ ಇಳಿದುಹೋಗುತ್ತದೆ. ಎಲೆಕ್ಟ್ರಾನಿಕ್ ಸಂಗೀತವೇ ಬೇಕು ಅನ್ನುವವರಿಗೆ ಹೈಫೈಮ್ಯಾನ್ ಕಂಪನಿಯ 'ಸುಂದರ' ಮಾದರಿಯಂಥ ಪ್ಲೇನಾರ್ (ಚಪ್ಪಟೆ ತೆಳುಪೊರೆಯ ಡ್ರೈವರ್ ಇರುವ ಹೆಡ್‌ಫೋನ್) ವಾಸಿ, ಅದರ ಬೇಸ್ ಕೆಳಗಿನವರೆಗೂ ಹೋಗುತ್ತದೆ. ಬೈಯರ್‌ಡೈನಾಮಿಕ್ ಡಿಟಿ 990 ಪ್ರೊ ಗಟ್ಟಿಮುಟ್ಟು, ಹಾಕಿಕೊಳ್ಳೋಕೂ ಆರಾಮ. ಆದರೆ ಅದರ ಹೈ ಎತ್ತಿದ್ದು. ಹೆಣ್ಣು ದನಿಯನ್ನೇ ಹೆಚ್ಚು ಕೇಳುವವರಿಗೆ ಅದನ್ನು ನಾನು ಹೇಳುವುದಿಲ್ಲ.

ಆಂಪ್ಲಿಫೈಯರ್ ಬೇಕಾ? ಜನ ಓಮ್ (ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ) ನೋಡಿ ತೀರ್ಮಾನಿಸುತ್ತಾರೆ, ಅಷ್ಟು ಸಾಲದು. ಎಚ್‌ಡಿ 600 300 ಓಮ್, ಅದಕ್ಕೆ ವೋಲ್ಟೇಜ್ ಬೇಕು. ಹೈಫೈಮ್ಯಾನ್ ಎಚ್‌ಇ400ಎಸ್‌ಇ ಅದಕ್ಕಿಂತ ತೀರಾ ಕಡಿಮೆ ಓಮ್‌ನದು, ಸುಲಭ ಅನ್ನಿಸುತ್ತದೆ. ಆದರೆ ಅದರ ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರು ಹಾಡುತ್ತದೆ ಅನ್ನುವುದು) 91 ಡೆಸಿಬಲ್ ಮಾತ್ರ, ಅದಕ್ಕೂ ಕರೆಂಟ್ ಚೆನ್ನಾಗಿ ಬೇಕು. ಫೋನಿಗೆ ಸಿಗಿಸುವ ಸಣ್ಣ ಅಡಾಪ್ಟರ್, ಅಂದರೆ ಡಾಂಗಲ್‌ನಲ್ಲಿ ಎರಡೂ ಹಾಡುತ್ತವೆ, ಆದರೆ ಸಣ್ಣ ದನಿಯಲ್ಲಿ ರೆಕಾರ್ಡ್ ಆದ ಹಳೆಯ ಕಚೇರಿಗೆ ವಾಲ್ಯೂಮ್ ಸಾಲದೆ ಹೋಗಬಹುದು. ಮೊದಲು ಇರುವುದರಲ್ಲೇ ಕೇಳಿ ನೋಡಿ. ಮುಕ್ಕಾಲು ವಾಲ್ಯೂಮಿನಲ್ಲೇ ಸಾಕಷ್ಟು ಜೋರು ಬಂದರೆ ಆಂಪ್‌ಗೆ ಸುಮ್ನೆ ದುಡ್ಡು ಹಾಕಬೇಡಿ.

ತೂಕವನ್ನೂ ನೋಡಿ. ಎಚ್‌ಡಿ 600 ಸುಮಾರು 260 ಗ್ರಾಂ, ಸುಂದರ 370ರ ಆಸುಪಾಸು. ಎರಡು ಗಂಟೆಯ ಕಚೇರಿ ಮುಗಿಯುವ ಹೊತ್ತಿಗೆ ಕತ್ತಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಹೊಸ ಎಚ್‌ಡಿ 600 ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಬಳಸುತ್ತಾ ಸಡಿಲವಾಗುತ್ತದೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ನೋಡಬೇಕು. ಪ್ಯಾಡ್ ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ ನಾದವೇ ಬದಲಾಗುತ್ತದೆ. ಅದಕ್ಕೇ ಪ್ಯಾಡ್, ಕೇಬಲ್ ಬಿಡಿಯಾಗಿ ಸಿಗುತ್ತವಾ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ. ಎಚ್‌ಡಿ 600ರಲ್ಲಿ ಕೇಬಲ್ ಕಿತ್ತು ಬೇರೆ ಹಾಕಬಹುದು. ಹಳೆಯ ಡಿಟಿ 990 ಪ್ರೊದಲ್ಲಿ ಕೇಬಲ್ ಒಳಗೇ ಬೆಸೆದಿರುತ್ತದೆ, ತುಂಡಾದರೆ ಬಿಚ್ಚಿ ಬೆಸುಗೆ ಹಾಕಬಲ್ಲವರನ್ನೇ ಹುಡುಕಬೇಕು.