ರಾಮನ್ ನಂತರದ ರಾಮನ್ ಸಂಸ್ಥೆ: ಹೊಣೆ ಕೈಬದಲಾದ ಬಗೆ

ಬೆಂಗಳೂರಿನ ಸದಾಶಿವನಗರದಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆ ಖಾಸಗಿಯೋ ಸರ್ಕಾರಿಯೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಈ ಗೊಂದಲದ ಬೇರು ಸರ್ ಸಿ.ವಿ. ರಾಮನ್ ತೀರಿಕೊಂಡ ನಂತರದ ಎರಡು ವರ್ಷಗಳಲ್ಲಿದೆ.

ರಾಮನ್ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು, ಅದಕ್ಕೆ ಮೈಸೂರು ಮಹಾರಾಜರಿಂದ ಜಾಗ ದೊರೆಯಿತು, 1948ರಲ್ಲಿ ಅದೇ ಜಾಗದಲ್ಲಿ ಸಂಸ್ಥೆ ಶುರುವಾಯಿತು. ಮುಂದಿನ 22 ವರ್ಷ ಸಂಸ್ಥೆಯೆಂದರೆ ರಾಮನ್ ಎಂಬಂತಾಯಿತು. ಅವರು ಸರ್ಕಾರದ ಹಣದಿಂದ ದೂರವಿದ್ದು, ದೇಣಿಗೆ ಮತ್ತು ಸ್ವಂತ ಗಳಿಕೆಯ ಮೇಲೆ ನಿಂತರು. ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿದ್ದ ಅವರು 1937ರಲ್ಲಿ ಆ ಹುದ್ದೆಯಿಂದ ಇಳಿಯಬೇಕಾಗಿ ಬಂದಿತ್ತು. ಯಾರ ಹಂಗೂ ಬೇಡವೆಂಬ ನಿಲುವಿಗೆ ಆ ಅನುಭವವೂ ಕಾರಣವಿರಬೇಕು. ಇನ್ನೂ ವಿದ್ಯುತ್ ಇಲ್ಲದಿದ್ದ ಆರಂಭದ ದಿನಗಳಲ್ಲಿ ಕನ್ನಡಿಯಿಂದ ಬಿಸಿಲನ್ನು ಕತ್ತಲೆ ಕೋಣೆಯೊಳಕ್ಕೆ ಹಾಯಿಸಿ ಬೆಳಕಿನ ಪ್ರಯೋಗಗಳನ್ನು ನಡೆಸುತ್ತಿದ್ದರು. ಇಂಥ ವ್ಯವಸ್ಥೆಯಲ್ಲೇ 1956ರಲ್ಲಿ ಯುವಕ ಎಸ್. ಪಂಚರತ್ನಂ ಧ್ರುವೀಕೃತ (ನಿರ್ದಿಷ್ಟ ರೀತಿಯಲ್ಲಷ್ಟೇ ಕಂಪಿಸುವ) ಬೆಳಕಿನ ಕುರಿತು ಬರೆದ ಪ್ರಬಂಧಕ್ಕೆ ದಶಕಗಳ ಬಳಿಕ ಜಗತ್ತಿನ ಮನ್ನಣೆ ಸಿಕ್ಕಿತು.

1970ರ ನವೆಂಬರ್ 21ರಂದು ರಾಮನ್ ನಿಧನರಾದಾಗ ಜಾಗ, ಕಟ್ಟಡ, ಠೇವಣಿ, ಉಪಕರಣಗಳೆಲ್ಲ ಅಕಾಡೆಮಿಯ ವಶದಲ್ಲಿದ್ದವು. ಸಂಶೋಧನೆಯನ್ನು ಮುನ್ನಡೆಸುತ್ತಿದ್ದ ವ್ಯಕ್ತಿ ಮಾತ್ರ ಇರಲಿಲ್ಲ. ಆಗ ಅಕಾಡೆಮಿ ಸಾರ್ವಜನಿಕ ದತ್ತಿ ಟ್ರಸ್ಟ್ ಒಂದನ್ನು ರಚಿಸಿ, ಸಂಸ್ಥೆಗಾಗಿ ತಾನು ಇಟ್ಟುಕೊಂಡಿದ್ದ ಚರ ಮತ್ತು ಸ್ಥಿರ ಆಸ್ತಿಯನ್ನೆಲ್ಲ ಅದಕ್ಕೆ ವರ್ಗಾಯಿಸಿತು. 1972ರಲ್ಲಿ ಸಂಸ್ಥೆ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನ ಪಡೆಯುವ ಸ್ವಾಯತ್ತ ಸಂಸ್ಥೆಯಾಯಿತು. ಆಸ್ತಿ ಟ್ರಸ್ಟಿನದು, ಖರ್ಚಿನ ಹಣ ಸರ್ಕಾರದ್ದು, ಸಂಶೋಧನೆಯ ಹೊಣೆ ನಿರ್ದೇಶಕರದು ಎಂಬ ಈ ವಿಂಗಡಣೆಯೇ ಸಂಸ್ಥೆಯನ್ನು ಉಳಿಸಿತೆಂದು ಹೇಳಬಹುದು. ರಾಮನ್ ದೂರವಿಟ್ಟಿದ್ದ ಅನುದಾನವನ್ನೇ ಒಪ್ಪಿಕೊಂಡದ್ದು ಸಣ್ಣ ತಿರುವಲ್ಲ. ಆದರೆ ಒಬ್ಬರ ಹೆಸರಿಗೆ ಬರುವ ದೇಣಿಗೆ ಅವರ ನಂತರವೂ ಬರುತ್ತದೆಂಬ ಭರವಸೆಯಿಲ್ಲ.

ಅದೇ ವರ್ಷ ನಿರ್ದೇಶಕರಾದವರು ರಾಮನ್ ಅವರ ಮಗ ವಿ. ರಾಧಾಕೃಷ್ಣನ್. ರಕ್ತಸಂಬಂಧದ ಪ್ರಶ್ನೆ ಏಳುವುದು ಸಹಜ ಮತ್ತು ನ್ಯಾಯ. ಆದರೆ ಅವರು ತಂದೆಯ ವಿಷಯವನ್ನು ಮುಂದುವರಿಸಲು ಬಂದವರಲ್ಲ. ಆಸ್ಟ್ರೇಲಿಯಾದಲ್ಲಿ ವೇಲಾ ಪಲ್ಸಾರ್‌ನ (ಗಿರಗಿರನೆ ತಿರುಗುತ್ತ ರೇಡಿಯೊ ಮಿಡಿತಗಳನ್ನು ಸೂಸುವ ಒಂದು ನಕ್ಷತ್ರಶೇಷದ) ಅಧ್ಯಯನದಿಂದ ಅದಾಗಲೇ ಹೆಸರಾಗಿದ್ದ ರೇಡಿಯೊ ಖಗೋಳಜ್ಞರು. ರತ್ನ, ಹರಳು, ಹೂವಿನ ಬಣ್ಣಗಳನ್ನು ಪರಿಶೀಲಿಸುತ್ತಿದ್ದ ಆವರಣದಲ್ಲಿ ಅವರ ಕಾಲದಲ್ಲಿ 10.4 ಮೀಟರ್ ವ್ಯಾಸದ ದೂರದರ್ಶಕ ಎದ್ದಿತು; ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ಜೊತೆಗೂಡಿ ಆ್ಯಂಟೆನಾಗಳ ಸಾಲು ನೆಲೆಗೊಂಡಿತು. ಮೈಸೂರು ವಿಶ್ವವಿದ್ಯಾಲಯದಿಂದ ಬಂದ ಎಸ್. ಚಂದ್ರಶೇಖರ್ ಕಟ್ಟಿದ ದ್ರವಸ್ಫಟಿಕ (ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಒಂದು ಕ್ರಮದಲ್ಲಿರುವ ವಸ್ತು) ಪ್ರಯೋಗಾಲಯ 1977ರಲ್ಲಿ ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ರೂಪುಗೊಳ್ಳುತ್ತದೆಂದು ತೋರಿಸಿತು.

1994ರಲ್ಲಿ ರಾಧಾಕೃಷ್ಣನ್ ಅವರ ಸ್ಥಾನಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಎನ್. ಕುಮಾರ್ ಬಂದರು. ಕುಟುಂಬದ ಹೊರಗಿನವರು ನಿರ್ದೇಶಕರಾದದ್ದು ಅದೇ ಮೊದಲು, ಮತ್ತು ಆ ಬದಲಾವಣೆಗೆ 1972ರಂತೆ ಆಸ್ತಿಯನ್ನಾಗಲಿ ಹಣದ ಮೂಲವನ್ನಾಗಲಿ ಹೊಸದಾಗಿ ಹೊಂದಿಸಬೇಕಾಗಿ ಬರಲಿಲ್ಲ.